ಕವರ್ ರಾಯರು

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಯಾವ ಅಡ್ಡರಸ್ತೆಗೆ ಹೋದರೂ ಒಬ್ಬರು ಕವರ್ ರಾಯರು ಸಿಕ್ಕೇ ಸಿಗುತ್ತಾರೆ. ನಿವೃತ್ತಿಯಾಗಿರುತ್ತದೆ, ಮಗ ಅಮೆರಿಕದಲ್ಲಿರುತ್ತಾನೆ, ಮನೆ ಮುಂದಿನ ಹೊಂಗೆ ಮರದಡಿ ಮಾರುತಿ 800 ಇರುತ್ತದೆ. ಇದೆ ಅಂತ ನಂಬಬೇಕು ಅಷ್ಟೇ, ಕಂಡವರು ಕಡಿಮೆ.

ನಮ್ಮ ಬೀದಿಯ ರಾಯರ ಕಾರಿಗೆ ಮೂರು ಹೊದಿಕೆ. ಬಣ್ಣಕ್ಕೆ ಗೀರು ಬೀಳದಿರಲೆಂದು ಮೊದಲು ಹಳೇ ಬೆಡ್‌ಶೀಟು, ಅದರ ಮೇಲೆ ಜೆ.ಸಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಬೂದು ಕವರು, ಮಳೆಗೆಂದು ಎಲ್ಲಕ್ಕಿಂತ ಮೇಲೆ ನೀಲಿ ಟಾರ್ಪಾಲು. ಟಾರ್ಪಾಲಿನ ಮೂಲೆಗೊಂದು ಅರ್ಧ ಇಟ್ಟಿಗೆ. ಹೆಗ್ಗಣ ವೈರು ಕಡಿಯದಂತೆ ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಟ್ಟು. ಹೊಂಗೆ ಹೂ ಉದುರುವ ಕಾಲಕ್ಕೆ ಅಂಗಳ ಬಿಟ್ಟು ಕಾರನ್ನೇ ಗುಡಿಸುತ್ತಾರೆ. ಚೆಂಡು ಆ ಕಡೆ ಉರುಳಿತೋ, ಹುಡುಗರು ಇನ್ನಿಂಗ್ಸ್ ಡಿಕ್ಲೇರ್ ಮಾಡಿ ಮನೆ ಸೇರುತ್ತಾರೆ.

ಹೋದ ವರ್ಷ ರಾಯರು ಮಗನ ಮನೆಗೆಂದು ಮಿನ್ನೆಸೋಟಕ್ಕೆ ಹೋಗಿಬಂದರು. ಹತ್ತು ಸಾವಿರ ಕೆರೆಗಳ ನಾಡೆಂದು ನಂಬರ್ ಪ್ಲೇಟಿನ ಮೇಲೇ ಬರೆದುಕೊಳ್ಳುವ ರಾಜ್ಯ ಅದು. ನಯಾಗರ ಹೇಗಿತ್ತು ಅಂದರೆ, "ಹೂಂ, ನೀರು ಬೀಳುತ್ತೆ" ಎಂದರು. ಅವರು ಕಣ್ಣರಳಿಸಿ ನೋಡಿದ್ದು ಪಕ್ಕದ ಮನೆಯವನ ಬೋಟನ್ನು. ಕೆರೆ ಹೆಪ್ಪುಗಟ್ಟುವ ಮೊದಲೇ ಬೋಟನ್ನು ಟ್ರೇಲರ್ ಮೇಲೆ ಮನೆಗೆ ತರುತ್ತಾರಂತೆ. ಮೂತಿ ಎತ್ತಿ ನಿಲ್ಲಿಸಿ, ಒಳಗಿನ ನೀರು ಹಿಂದಕ್ಕೆ ಹರಿದು ಹೋಗಲೆಂದು ತಳದ ಬಿರಡೆ ತೆಗೆದಿಡುತ್ತಾರಂತೆ. ಹಿಮದ ಭಾರಕ್ಕೆ ಜಗ್ಗದಂತೆ ಟಾರ್ಪಾಲಿನಡಿ ಗೂಟ ಕೊಟ್ಟು ಇಳಿಜಾರು ಮಾಡುತ್ತಾರಂತೆ. ಬೂಷ್ಟು ಹಿಡಿಯದಿರಲು ಗಾಳಿಕಿಂಡಿ ಬೇರೆ. "ಅದು ಕಣ್ರೀ ಸಂಸ್ಕಾರ!"

ಪ್ರಯಾಣದ ಆಯಾಸ ಕಳೆಯುವ ಮುನ್ನವೇ ಬಂಬೂ ಬಜಾರಿನಿಂದ ಬೊಂಬು ಬಂತು. ಮುಂದಿನ ಚಕ್ರಗಳಡಿ ಇಟ್ಟಿಗೆ ಸೇರಿ ಮಾರುತಿ ಆಕಾಶ ನೋಡತೊಡಗಿತು.

"ರಾಯರೇ, ಬೆಂಗಳೂರಿನ ದಾಖಲೆ ಚಳಿ ಅಂದ್ರೇನೇ 1884ರ ಜನವರಿಯ 7.8 ಡಿಗ್ರಿ. ಇಲ್ಲಿ ಹಿಮ ಎಲ್ಲಿ ಬೀಳುತ್ತೆ?" ಎಂದೆ.

"ಆಲಿಕಲ್ಲು ಬೀಳಲ್ವೇನ್ರೀ?"

"ಬೋಟಿಗಾದ್ರೆ ತಳದಲ್ಲಿ ತೂತಿರುತ್ತೆ. ಕಾರಿಂದ ನೀರು ಹೇಗೆ ಹೋಗಬೇಕು?"

"1989ರ ಮಾಡೆಲ್ಲು ಸ್ವಾಮಿ! ತೂತಿಗೇನು ಬರ?"

ಆ ತೂತುಗಳಿಗೆ ಟಾರ್ಪಾಲೇ ಕಾರಣ, ಗಾಳಿಯಾಡದೆ ತೇವ ನಿಂತು ತುಕ್ಕು ತಿಂದಿದೆ ಎಂದು ಮೆಕ್ಯಾನಿಕ್ಕು ಎಷ್ಟು ಹೇಳಿದರೂ ರಾಯರು ಕೇಳಲಿಲ್ಲ. ತುಕ್ಕು ಇನ್ನಷ್ಟು ಹೆಚ್ಚದಿರಲೆಂದು ಇನ್ನೊಂದು ಟಾರ್ಪಾಲು ತಂದರು.

ಕೆಂಗೇರಿಯ ಬೀಗರ ಮನೆಗೆ ಹೊರಟರೆ ದಂಪತಿ ಹತ್ತುವುದು ಮೆಟ್ರೋ. "ಬಿಚ್ಚಿದ್ರೆ ಮತ್ತೆ ಕಟ್ಟೋರ್ಯಾರು?" ಎಂಬುದು ರಾಯರ ವಾದ. "ಮಳೇಲಿ ನೆನೀತೀನಿ, ನನಗೊಂದು ರೇನ್‌ಕೋಟು ಕೊಡಿಸ್ರೀ ಅಂದೆ. ನೀನೇನು ರಾತ್ರಿಯೆಲ್ಲಾ ಬೀದೀಲಿ ನಿಲ್ತೀಯಾ ಅಂತಾರೆ!" ಎಂಬುದು ಅವರ ಶ್ರೀಮತಿಯವರ ದೂರು.

ಕಾರು ಬೆಳಕು ಕಾಣುವುದು ಆಯುಧಪೂಜೆಯ ದಿನ. ಅಂದು ಬೀದಿಗೆ ಬೀದಿಯೇ ಸೇರುತ್ತದೆ. "ಕೆಂಪು!" "ನಾನು ಬಿಳಿ ಅಂದ್ಕೊಂಡಿದ್ದೆ ಕಣೋ!" ಎಂದು ಹುಡುಗರು ಬೆಟ್ಸ್ ತೀರಿಸಿಕೊಳ್ಳುತ್ತಾರೆ. ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು. ಬ್ಯಾಟರಿ ಸತ್ತಿದ್ದರಿಂದ ನಾವೇ ತಳ್ಳಿದೆವು. ಒಂದು ಮೊಳ ಮುಂದೆ, ಒಂದು ಮೊಳ ಹಿಂದೆ. ನಿಂಬೆಹಣ್ಣು ನಾಲ್ಕೂ ಅಪ್ಪಚ್ಚಿ.

ಬೆಡ್‌ಶೀಟು ಕೊಡವುತ್ತಾ ರಾಯರು ಹೆಮ್ಮೆಯಿಂದ ಅಂದರು: "ಇಡೀ ವರ್ಷಕ್ಕೆ ಒಂದು ಹನಿ ಪೆಟ್ರೋಲ್ ಕೇಳಿಲ್ಲ. ಇಂಥಾ ಮೈಲೇಜು ಯಾವ ಹೊಸ ಗಾಡಿ ಕೊಡುತ್ತೆ, ಹೇಳಿ?"