ಪಲ್ಲವಿಯ ಬದಲು ಪಲ್ಯ

ಬಡಾವಣೆಯ ರಾಜ್ಯೋತ್ಸವಕ್ಕೆ ಹಾಡು ಬರೆದುಕೊಡಿ ಎಂದು ಹುಡುಗರು ವಾಟ್ಸಾಪಿನಲ್ಲಿ ಟ್ಯೂನ್ ಕಳಿಸಿ ಹದಿನೆಂಟು ದಿನವಾಯಿತು. ‘ತಾನನ ತಾನನ ತನ್ನಾನ’ ಈಗ ನಮ್ಮ ಮಿಕ್ಸಿಯ ಸದ್ದಿನಲ್ಲೂ ಕೇಳಿಸುತ್ತದೆ. ಮಾತು ಮಾತ್ರ ಹುಟ್ಟುತ್ತಿಲ್ಲ. ಹೊಸ ಪೆನ್ನು ತಂದೆ. ಮೂರು ಲೋಟ ಕಾಫಿ ಕುಡಿದೆ. ಚಂದ್ರನನ್ನು ನೋಡಿದರೆ ಏನಾದರೂ ಹೊಳೆದೀತೆಂದು ತಾರಸಿ ಹತ್ತಿದರೆ ನೀರಿನ ಟ್ಯಾಂಕು ತುಂಬಿ ಹರಿಯುತ್ತಿತ್ತು. ಓಡಿಬಂದು ಮೋಟಾರ್ ಆರಿಸಿದೆ. ಹದಿನೆಂಟು ದಿನದಲ್ಲಿ ನಾನು ಮಾಡಿದ ಉಪಯುಕ್ತ ಕೆಲಸ ಅದೊಂದೇ.

ಸಮಾಧಾನಕ್ಕೆ ಇಂಗ್ಲಿಷ್ ಹಾಡುಗಾರ ಪಾಲ್ ಮೆಕಾರ್ಟ್ನಿಯನ್ನು ನೆನೆಯುತ್ತೇನೆ. ‘ಯೆಸ್ಟರ್‌ಡೇ’ ಹಾಡಿನ ಧಾಟಿ ಆತನಿಗೆ ನಿದ್ದೆಯಲ್ಲಿ ಹೊಳೆದದ್ದು. ಮಾತು ಹೊಳೆಯಲಿಲ್ಲ. ಬಸ್ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿಯುವ ಹಾಗೆ ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಎಂದು ಹಾಡಿಕೊಂಡಿದ್ದ. ಅಂದರೆ, ಹೆಚ್ಚುಕಮ್ಮಿ ನಮ್ಮ ಎಗ್ ಬುರ್ಜಿ! ನಿಜವಾದ ಸಾಲುಗಳು ಕೂಡಿಬಂದದ್ದು 1965ರಲ್ಲಿ, ಪೋರ್ಚುಗಲ್‌ನಲ್ಲಿ ಕಾರಿನಲ್ಲಿ ಹೋಗುವಾಗ.

ನಾನೂ ಟವೆಲ್ ಹಾಕಿದೆ. ನಮ್ಮದು ಸಸ್ಯಾಹಾರದ ಮನೆ. ‘ಬೀನ್ಸಿನ ಪಲ್ಯಕೆ ಇಂಗ್ಯಾಕೆ’ ಎಂದು ಗುನುಗಿದೆ. ನಾಲ್ಕು, ನಾಲ್ಕು, ಐದು. ಮಾತ್ರೆಗಳು ಮುಚ್ಚಳದಂತೆ ಕೂತವು.

“ಯಾಕ್ರೀ, ಇಂಗು ಜಾಸ್ತಿ ಆಯ್ತಾ?” ಅಡುಗೆಮನೆಯಿಂದ ದನಿ ಬಂತು. ಹಾಡು ಎಂದೆ. ನಂಬಲಿಲ್ಲ. ಮರುದಿನ ಪಲ್ಯಕ್ಕೆ ಇಂಗೇ ಇರಲಿಲ್ಲ.

ಹುಡುಗರಿಗೆ ಸುಮ್ಮನೆ ತಾಳ ತೋರಿಸಲೆಂದು ಅದನ್ನೇ ಹಾಡಿ ಕಳಿಸಿದ್ದೆ. “ಸೂಪರ್ ಸರ್, ಇದೇ ಇರಲಿ!” ಎಂದರು. ಈಗ ಚರಣ ಬೇಕಂತೆ. ನಾನು ಸಾರಿನ ಪಾತ್ರೆಯ ಕಡೆ ನೋಡುತ್ತಿದ್ದೇನೆ.