ನೀರು ಬಿಡುವವನ ನೀತಿಶಾಸ್ತ್ರ

ಚಾಲಕನಿಲ್ಲದ ಕಾರು ಧಾರವಾಡದ ಸುಭಾಷ್ ರಸ್ತೆಗೆ ಇನ್ನೂ ಬಂದಿಲ್ಲ. ಚಾಲಕನಿರುವ ಕಾರೇ ಅಲ್ಲಿ ಮುಂದೆ ಹೋಗಲು ಒದ್ದಾಡುತ್ತದೆ. ಆದರೂ ಅದು ಬಂದ ದಿನ ಯಾರ ಮೇಲೆ ಹಾಯಬೇಕು ಎಂಬುದನ್ನು ನಮ್ಮ ಕಾಲೇಜಿನಲ್ಲಿ ಈಗಲೇ ತೀರ್ಮಾನ ಮಾಡುತ್ತಿದ್ದೇವೆ. ಬ್ರೇಕು ಫೇಲಾಗಿದೆ, ಎದುರಿಗೆ ಐದು ಮಂದಿ, ಪಕ್ಕದಲ್ಲಿ ಒಬ್ಬ. ಕಾರು ಯಾವ ಕಡೆ ತಿರುಗಬೇಕು? ಹತ್ತು ಅಂಕ.

ಪ್ರಶ್ನೆ ಹಳೆಯದು. ಇಂಗ್ಲೆಂಡಿನ ಫಿಲಿಪ್ಪಾ ಫುಟ್ ಎಂಬ ತತ್ವಶಾಸ್ತ್ರಜ್ಞೆ 1967ರಲ್ಲಿ ಇದನ್ನು ಟ್ರಾಮ್ ಇಟ್ಟುಕೊಂಡು ಕೇಳಿದ್ದರು. 2016ರಲ್ಲಿ ಅಮೆರಿಕದ ಬಾಸ್ಟನ್ ಬಳಿಯ ಎಂಐಟಿಯವರು ಟ್ರಾಮಿನ ಜಾಗದಲ್ಲಿ ಕಾರು ಇಟ್ಟು 'ಮಾರಲ್ ಮಷೀನ್' ಎಂಬ ಆಟ ಮಾಡಿ ಅಂತರ್ಜಾಲಕ್ಕೆ ಬಿಟ್ಟರು. 233 ದೇಶ ಮತ್ತು ಪ್ರಾಂತಗಳ ಜನ ಮನೆಯಲ್ಲಿ ಕೂತು ಸುಮಾರು ನಾಲ್ಕು ಕೋಟಿ ತೀರ್ಪು ಕೊಟ್ಟರು. ಫಲಿತಾಂಶ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಲೋಕದ ಒಟ್ಟಾರೆ ಅಭಿಪ್ರಾಯದಂತೆ ಕೂಸು ಮೊದಲು ಉಳಿಯಬೇಕು, ಮುದುಕರು ಸರದಿಯಲ್ಲಿ ಬಹಳ ಹಿಂದೆ. ಕಳ್ಳನಿಗಿಂತ ನಾಯಿ ಮೇಲು. ಕಳ್ಳನಿಗಿಂತ ಕೆಳಗೆ ಬೆಕ್ಕು ಇರುವುದರಿಂದ ಕಳ್ಳರಿಗೂ ಅಷ್ಟರ ಮಟ್ಟಿಗೆ ಸಮಾಧಾನ.

ಆ ಆಟದ ಪಾತ್ರಗಳ ಪಟ್ಟಿಯನ್ನು ನಾನು ಎರಡೆರಡು ಸಲ ನೋಡಿದೆ. ಡಾಕ್ಟರ್ ಇದ್ದಾರೆ, ಗರ್ಭಿಣಿ ಇದ್ದಾಳೆ, ಕಂಪನಿ ಸಾಹೇಬ ಇದ್ದಾನೆ, ಕ್ರೀಡಾಪಟು ಇದ್ದಾನೆ. ಎಮ್ಮೆ ಇಲ್ಲ. ನಮ್ಮೂರು ಅಮ್ಮಿನಬಾವಿಯಿಂದ ಧಾರವಾಡಕ್ಕೆ ಹತ್ತು ಕಿಲೋಮೀಟರಿನ ಆಸುಪಾಸು. ಆ ಸವದತ್ತಿ ರಸ್ತೆಯಲ್ಲಿ ಎಮ್ಮೆ ಉಂಟು, ಕುರಿಹಿಂಡು ಉಂಟು, ಡಾಂಬರಿನ ಮೇಲೆ ರಾಶಿ ಹಾಕಿ ಒಣಗಿಸಿದ ಗೋವಿನಜೋಳ ಉಂಟು, ಭಾರತ ಹುಣ್ಣಿಮೆ ಬಂತೆಂದರೆ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳ ಸಾಲು ಉಂಟು. ಬಾಸ್ಟನ್ನಿನಲ್ಲಿ ನೀತಿ ಕಲಿತ ಕಾರು ಇಲ್ಲಿಗೆ ಬಂದರೆ ನಾಲ್ಕು ಕೋಟಿ ತೀರ್ಪುಗಳನ್ನೂ ಮರೆತು ಸುಮ್ಮನೆ ನಿಂತುಬಿಡುತ್ತದೆ. ಬಹುಶಃ ಅದೇ ಅದರ ಮೊದಲ ನೈತಿಕ ನಿರ್ಧಾರ.

ತರಗತಿಯಲ್ಲಿ ಕೊನೆಯ ಬೆಂಚಿನ ಗೆಳೆಯನೊಬ್ಬ ಎದ್ದು ನಿಂತು, "ಸರ್, ಅದು ಕಾರ್ ಯಾರದು ಅನ್ನೂದರ ಮ್ಯಾಲ ಐತ್ರಿ" ಎಂದ. ಎಲ್ಲರೂ ನಕ್ಕರು, ಸರ್ ಕೂಡ ನಕ್ಕರು, ಅಂಕ ಮಾತ್ರ ಕೊಡಲಿಲ್ಲ. ಆ ತಾಸಿನಲ್ಲಿ ಬಂದ ಏಕೈಕ ಸರಿಯುತ್ತರ ಅದೇ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಮುಂದೆ ಪ್ರಬಂಧ ಬರೆದು ತರಲು ಹೇಳಿದರು: 'ಭವಿಷ್ಯದ ತಂತ್ರಜ್ಞಾನ ಮತ್ತು ದಿನನಿತ್ಯದ ನೈತಿಕ ಸಂದಿಗ್ಧಗಳು'. ಪ್ರಾಮಾಣಿಕತೆಯ ಮೇಲೆ ಒಂದು ಪರಿಚ್ಛೇದ ಕಡ್ಡಾಯ. ಇಡೀ ತರಗತಿ ಆ ಪರಿಚ್ಛೇದವನ್ನು ಚಾಟ್‌ಜಿಪಿಟಿಯಿಂದ ಬರೆಸಿಕೊಂಡಿತು. ಸಿಕ್ಕಿಬಿದ್ದದ್ದು ಅಜ್ಜಿಯಿಂದ. ಉದಾಹರಣೆಗಾಗಿ ಮಷೀನು ಪ್ರತಿಯೊಬ್ಬರಿಗೂ ಒಬ್ಬ ಅಜ್ಜಿಯನ್ನು ಒದಗಿಸಿತ್ತು. ಅವರ ಹೆಸರು ಲಕ್ಷ್ಮಮ್ಮ, ಸಂಜೆ ರಾಗಿಮುದ್ದೆ ತೊಳಸುತ್ತಾ ಮೊಮ್ಮಗನಿಗೆ ಸತ್ಯದ ಮಹತ್ವ ಹೇಳುತ್ತಿದ್ದರು. ಗಂಗವ್ವ, ನೀಲವ್ವ, ಬಸವ್ವರ ಮೊಮ್ಮಕ್ಕಳೇ ತುಂಬಿದ, ಮೂರು ಹೊತ್ತೂ ಜೋಳದ ರೊಟ್ಟಿ ತಿನ್ನುವ ತರಗತಿಯಿಂದ ಐವತ್ತು ಚಿಲ್ಲರೆ ಲಕ್ಷ್ಮಮ್ಮಂದಿರು ಒಂದೇ ದಿನ ಹೊರಟಾಗ ಸರ್‌ಗೆ ಅನುಮಾನ ಬಂತು. ಕೃತಕ ಬುದ್ಧಿಮತ್ತೆ ಮನುಷ್ಯಕುಲವನ್ನು ಮುಂದೆಂದೋ ಅಳಿಸುತ್ತದೆ ಎಂದು ಹೆದರಿಸುವವರಿಗೆ ಒಂದು ಮಾಹಿತಿ: ಉತ್ತರ ಕರ್ನಾಟಕದ ಅಜ್ಜಿಯರನ್ನು ಅದು ಆಗಲೇ ಅಳಿಸಿ ಮುಗಿಸಿದೆ.

ಇಷ್ಟಕ್ಕೂ ಐವರೋ ಒಬ್ಬನೋ ಎಂಬ ಪ್ರಶ್ನೆಗೆ ನಾವು ಬಾಸ್ಟನ್ನಿನ ಕಡೆ ನೋಡುವ ಅಗತ್ಯವಿರಲಿಲ್ಲ. ಸವದತ್ತಿಯ ರೇಣುಕಾಸಾಗರದಿಂದ ಎತ್ತಿದ ಮಲಪ್ರಭೆಯ ನೀರು ನಮ್ಮೂರಿಗೆ ಬಂದು, ಇಲ್ಲಿನ ಘಟಕದಲ್ಲಿ ಶುದ್ಧವಾಗಿ, ಧಾರವಾಡ ಹುಬ್ಬಳ್ಳಿಯ ಕಡೆ ಹೋಗುತ್ತದೆ. ಹೀಗಾಗಿ ಅವಳಿ ನಗರದಲ್ಲಿ ನಳ ಬರದ ದಿನ ಕೇಳಿಬರುವ ಮಾತು, "ಅಮ್ಮಿನಬಾವ್ಯಾಗ ಕರೆಂಟ್ ಇಲ್ಲಂತ್ರಿ." ಹುಬ್ಬಳ್ಳಿಯವರ ಪಾಲಿಗೆ ನಮ್ಮದು ಊರಲ್ಲ, ಕಾರಣ. ಪೈಪು ಒಡೆದರೂ ಮೋಟಾರು ಸುಟ್ಟರೂ ಯಾರೋ ವಾಲ್ವ್ ತಿರುಗಿಸುವುದನ್ನು ಮರೆತು ಊಟಕ್ಕೆ ಹೋದರೂ ಕರೆಂಟು ಹೋಗುವುದು ನಮ್ಮೂರಲ್ಲೇ.

ಆ ವಾಲ್ವ್ ತಿರುಗಿಸುವವನ ಕೈಯಲ್ಲಿ ಉದ್ದನೆಯ ಕಬ್ಬಿಣದ ಕೀಲಿ ಇರುತ್ತದೆ. ಈ ಕಡೆ ತಿರುಗಿಸಿದರೆ ಒಂದು ಓಣಿಗೆ ನೀರು, ಆ ಕಡೆ ತಿರುಗಿಸಿದರೆ ಇನ್ನೊಂದಕ್ಕೆ. ಫಿಲಿಪ್ಪಾ ಫುಟ್ ಕಲ್ಪಿಸಿಕೊಂಡದ್ದನ್ನು ಈ ಮನುಷ್ಯ ದಿನಾ ಬೆಳಗ್ಗೆ ಚಹಾ ಕುಡಿದು ಮಾಡಿ ಮುಗಿಸುತ್ತಾನೆ, ಅದೂ ಐದು ದಿನಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ ನೀರು ಬರುವ ಊರಲ್ಲಿ. ಅವನ ಮೇಲೆ ಪಾಲಿಕೆ ಸದಸ್ಯರ ಫೋನು ಇದೆ, ಲಗ್ನದ ಮನೆಯವರ ವಿನಂತಿ ಇದೆ, ಎತ್ತರದ ಓಣಿಯ ಹೆಂಗಸರ ಕೊಡಗಳಿವೆ. ಎಂಟು ಓಣಿ, ಒಂದು ಟಾಕಿ, ಒಂದೇ ಕೀಲಿ. ಹತ್ತು ಅಂಕ ಯಾರೂ ಕೊಡುವುದಿಲ್ಲ.

ಇಂಥ ಅವಳಿ ನಗರಕ್ಕೆ ಭವಿಷ್ಯ ಎರಡು ಸಲ ಬಂತು. ಮೊದಲನೆಯದು ವಿಶ್ವಬ್ಯಾಂಕಿನ ಸಾಲದೊಂದಿಗೆ. 2008ರಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು. ಪ್ರಾತ್ಯಕ್ಷಿಕೆ ವಲಯ ಎಂದು ಹೆಸರು. ಗಡಿಯ ರಸ್ತೆಯ ಈ ಬದಿಯಲ್ಲಿ ಮಧ್ಯರಾತ್ರಿಯೂ ನಳ, ಆ ಬದಿಯಲ್ಲಿ ವಾರವಿಡೀ ಬ್ಯಾರಲ್. ಪ್ರಾತ್ಯಕ್ಷಿಕೆ ನೋಡಿದ ಆ ಬದಿಯವರು ವರ್ಷಗಟ್ಟಲೆ ನೋಡುತ್ತಲೇ ಇದ್ದರು. ಕನ್ಯೆ ಕೊಡುವವರು ಹುಡುಗನ ನೌಕರಿಗಿಂತ ಮೊದಲು ವಾರ್ಡ್ ನಂಬರು ಕೇಳತೊಡಗಿದರೆಂದು ನಮ್ಮ ಸೋದರತ್ತಿ ಹೇಳುತ್ತಾಳೆ. ಅವಳ ಮಾತಿನಲ್ಲಿ ಅರ್ಧ ಕಳೆಯಬೇಕು, ಉಳಿದರ್ಧ ಸಾಕು.

ಎರಡನೆಯದು ಇನ್ನೂ ಸ್ವಾರಸ್ಯ. 2011ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದಿದವರು ಕೂಡಿ ಹುಬ್ಬಳ್ಳಿಯಲ್ಲಿ 'ನೆಕ್ಸ್ಟ್‌ಡ್ರಾಪ್' ಎಂಬ ಕಂಪನಿ ತೆಗೆದರು. ಯೋಜನೆ ಸರಳ, ನಿಜವಾಗಿಯೂ ಒಳ್ಳೆಯದು. ವಾಲ್ವ್ ತಿರುಗಿಸುವವರು ಒಂದು ನಂಬರಿಗೆ ಫೋನ್ ಮಾಡಿ ಇಂಥ ಓಣಿಗೆ ಬಿಡುತ್ತಿದ್ದೇನೆ ಎಂದು ತಿಳಿಸಬೇಕು; ಅರ್ಧ ತಾಸು, ಒಂದು ತಾಸು ಮೊದಲೇ ಆ ಓಣಿಯ ಮೊಬೈಲುಗಳಿಗೆ ಸಂದೇಶ ಹೋಗುತ್ತದೆ. ನಳದ ದಾರಿ ಕಾಯುತ್ತಾ ಕೂಲಿ ಬಿಟ್ಟು ಕೂರುವ ಹೆಂಗಸು ಇನ್ನು ಕೂರಬೇಕಿಲ್ಲ. ದೇಶ ವಿದೇಶದ ಪತ್ರಿಕೆಗಳು ಹೊಗಳಿದವು. ಕಂಪನಿ ಬೆಂಗಳೂರಿಗೂ ಹೋಯಿತು. ಅಲ್ಲಿ ಸಂಶೋಧಕರು ಮನೆಮನೆಗೆ ತಿರುಗಿ ಪರೀಕ್ಷಿಸಿದಾಗ ಸೇವೆ ಪಡೆದ ಮನೆಗೂ ಪಡೆಯದ ಮನೆಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಕೊಂಡಿ ತಪ್ಪಿದ್ದು ಉಪಗ್ರಹದಲ್ಲಲ್ಲ, ಸರ್ವರಿನಲ್ಲಲ್ಲ. ವಾಲ್ವ್‌ಮನ್‌ಗಳಲ್ಲಿ ಬಹಳ ಜನ ಸರಿಯಾಗಿ ಫೋನ್ ಮಾಡುತ್ತಿರಲಿಲ್ಲ.

ಸೋಮಾರಿಗಳು ಎಂದು ಬೈದು ಮುಂದೆ ಹೋಗುವುದು ಸುಲಭ. ನಾನು ಅವನ ಜಾಗದಲ್ಲಿ ನಿಂತು ನೋಡುತ್ತೇನೆ. ಇಷ್ಟು ದಿನ ಅವನಿಗೆ "ಕರೆಂಟ್ ಇಲ್ರಿ" ಎನ್ನುವ ಒಂದು ಕೊಡೆ ಇತ್ತು. ನಾಲ್ಕು ಗಂಟೆಗೆ ಬಿಡುತ್ತೇನೆ ಎಂದು ಎಲ್ಲರ ಮೊಬೈಲಿಗೆ ಬರೆದುಕೊಟ್ಟ ಮೇಲೆ ನಾಲ್ಕೂವರೆಗೆ ಅವನ ಮನೆ ಮುಂದೆ ಕೊಡಗಳು ಬಂದು ನಿಲ್ಲುತ್ತವೆ. ಹಳ್ಳ ದಾಟಿದ ಓಣಿಗೆ ಮೂರು ತಾಸು, ಈಚೆಗೆ ಒಂದೇ ತಾಸು ಎಂಬುದು ಅಂಕಿಯಾಗಿ ದಾಖಲಾಗುತ್ತದೆ. ಮೇಲಿನ ಸಾಹೇಬರಿಗೆ ಅದು ಪಾರದರ್ಶಕತೆ, ಇವನಿಗೆ ಅದು ಸಾಕ್ಷಿ. ತನ್ನ ಮೇಲೆ ತಾನೇ ದಿನಕ್ಕೆ ಹತ್ತು ಸಲ ಫೋನ್ ಮಾಡಿ ಸಾಕ್ಷಿ ಹೇಳು ಎಂದು ನಮ್ಮ ಪ್ರಾಂಶುಪಾಲರಿಗೆ ಹೇಳಿ ನೋಡೋಣ.

ಮಷೀನು ನೀತಿವಂತವೋ ಅಲ್ಲವೋ ಎಂದು ವಿಚಾರ ಸಂಕಿರಣ ಮಾಡುವವರು ಕೇಳದ ಪ್ರಶ್ನೆ ಇದು: ಮಷೀನು ಬಂದ ಮೇಲೆ ಬೈಗುಳ ಯಾರಿಗೆ ಹೋಗುತ್ತದೆ? ಬಂದ ಕಡೆಯಲ್ಲೆಲ್ಲ ಅದು ಎರಡರಲ್ಲಿ ಒಂದು ಮಾಡುತ್ತದೆ. ವಾಲ್ವ್‌ಮನ್‌ನಂಥ ಸಣ್ಣವನ ತಲೆಗೆ ಹೊಣೆ ಕಟ್ಟುತ್ತದೆ, ಇಲ್ಲವೇ ದೊಡ್ಡವರ ತಲೆಯಿಂದ ಇಳಿಸಿ ಗಾಳಿಯಲ್ಲಿ ಬಿಡುತ್ತದೆ. ಗಾಳಿಯಲ್ಲಿ ಬಿಟ್ಟದ್ದಕ್ಕೆ 'ಸರ್ವರ್ ಡೌನ್' ಎಂದು ಹೆಸರು.

ಸಹಿ ಬಾರದವರ ಗುರುತಾಗಿದ್ದ ಹೆಬ್ಬೆಟ್ಟನ್ನು ಈಗ ಪದವಿ ಮಾಡಿದವರೂ ಒತ್ತಬೇಕು. ರೇಷನ್ ಅಂಗಡಿಯಲ್ಲಿ ಒಮ್ಮೆ ಕಿವಿಯಾರೆ ಕೇಳಿದ್ದು:

"ಯವ್ವಾ, ನಿನ್ನ ಬೆಟ್ಟು ತಗೊಳ್ಳವಲ್ದು."

"ನಾ ನಾನ ಅದೀನೋ ತಮ್ಮಾ."

"ಅದು ನನಗ ಗೊತ್ತೈತಬೇ. ಮಷೀನಿಗೆ ಗೊತ್ತಿಲ್ಲ."

ಅರವತ್ತು ವರ್ಷ ಕುರ್ಚಿಗಿ ಹಿಡಿದು ಕಸ ತೆಗೆದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿಯಬೇಕು? ದುಡಿದಷ್ಟೂ ಗುರುತು ಸವೆಯುತ್ತದೆ. ಬೆರಳು ನುಣ್ಣಗೆ ಇಟ್ಟುಕೊಂಡವನಿಗೆ ಅಕ್ಕಿ ಸಲೀಸು. ಅಂಗಡಿಯವನು ಕೆಟ್ಟವನಲ್ಲ, ಮಷೀನೂ ಕೆಟ್ಟದ್ದಲ್ಲ. ಮುದುಕಿ ಚೀಲ ಮಡಚಿಕೊಂಡು ಮರುದಿನ ಬರುತ್ತಾಳೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಸಂದಿಗ್ಧ ಎನ್ನುವುದಿಲ್ಲ, 'ತಾಂತ್ರಿಕ ದೋಷ' ಎನ್ನುತ್ತಾರೆ.

ಉದ್ಯೋಗ ಖಾತ್ರಿಯ ಹಾಜರಿಯದು ಇದರ ಉಲ್ಟಾ ಕಥೆ. ಕೂಲಿಕಾರರ ಫೋಟೋವನ್ನು ದಿನಕ್ಕೆ ಎರಡು ಸಲ ಆ್ಯಪಿಗೆ ಏರಿಸುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಸುಳ್ಳು ಹಾಜರಿ ಹಾಕುವ ಮನುಷ್ಯನನ್ನು ನಂಬಬಾರದು ಎಂಬ ಕಾರಣಕ್ಕೆ. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ಒಪ್ಪಿಕೊಂಡಿತು: ಕೆಲವರು ಸಂಬಂಧವಿಲ್ಲದ ಫೋಟೋ ಹಾಕುತ್ತಿದ್ದಾರೆ, ಕೆಲವರು ಹಳೆಯ ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ. ಪರಿಹಾರವನ್ನೂ ಸೂಚಿಸಿತು. ಗ್ರಾಮ ಪಂಚಾಯಿತಿಯಲ್ಲಿ ಎಲ್ಲ ಫೋಟೋಗಳನ್ನೂ ಮನುಷ್ಯರು ಕಣ್ಣಾರೆ ಪರಿಶೀಲಿಸಬೇಕು! ಮನುಷ್ಯನನ್ನು ಕಾಯಲು ಮಷೀನು, ಮಷೀನನ್ನು ಕಾಯಲು ಅದೇ ಮನುಷ್ಯ. ಕೆರೆಯ ಹೂಳು ಎಷ್ಟು ಹೊರಬಂತು ಎಂದು ಕೇಳಲು ಇವರಿಬ್ಬರಿಗೂ ಪುರುಸೊತ್ತಿಲ್ಲ.

ನನ್ನ ಕೈಗೂ ಒಂದು ಕೀಲಿ ಬಂತು, ಹೋದ ಮುಂಗಾರಿನಲ್ಲಿ. ಬೆಳೆ ಸಮೀಕ್ಷೆಗೆ ಊರಿನ ಹುಡುಗರನ್ನು ತೆಗೆದುಕೊಳ್ಳುತ್ತಾರೆ. ಹೊಲಕ್ಕೆ ಹೋಗಿ ನಿಂತು, ಯಾವ ಬೆಳೆ ಎಂದು ಆ್ಯಪಿನಲ್ಲಿ ಒತ್ತಿ ಫೋಟೋ ಏರಿಸಿದರೆ ಪ್ಲಾಟಿಗೆ ಇಷ್ಟು ಎಂದು ದುಡ್ಡು. 2000ದಲ್ಲಿ 'ಭೂಮಿ' ಯೋಜನೆ ಬಂದು ಪಹಣಿ ಉತಾರಗಳು ಕಂಪ್ಯೂಟರಿಗೆ ಹೋದವು. ಉತಾರದ ಬೆಳೆ ಕಾಲಮ್ಮು ಈಗ ನನ್ನಂಥವರ ಹೆಬ್ಬೆರಳಿಗೆ ಬಂದಿದೆ. ಎರೆಹೊಲದಲ್ಲಿ ಮಳೆಗಾಲಕ್ಕೆ ಇಳಿದರೆ ಒಂದೊಂದು ಚಪ್ಪಲಿಗೂ ಎರಡು ಕಿಲೋ ಮಣ್ಣು ಮೆತ್ತುತ್ತದೆ. ಆ್ಯಪು ಮಾತ್ರ ಸ್ವಚ್ಛ: ಸರ್ವೆ ನಂಬರಿನ ಒಳಗೆ ಬನ್ನಿ, ಇನ್ನೂ ಒಳಗೆ ಬನ್ನಿ.

ಪಕ್ಕದ ಹೊಲದ ಕಾಕಾ ವಿಮೆ ತುಂಬಿದ್ದು ಹೆಸರು ಬೆಳೆಗೆ, ಬಿತ್ತಿದ್ದು ಸೋಯಾಬೀನ್. ವಿಮೆಯಲ್ಲಿ ಬರೆಸಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆ ಬೀಳದಿದ್ದರೆ ಪರಿಹಾರ ಸಿಗುವುದಿಲ್ಲ. ಬದುವಿನ ಆಚೆ ಇನ್ನೊಬ್ಬರ ಹೆಸರು ಸೊಂಪಾಗಿ ನಿಂತಿತ್ತು. ಬದುವಿನ ಮೇಲೆ ನಿಂತು ಕ್ಯಾಮೆರಾವನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದರೆ ಜಿಪಿಎಸ್ ಕಾಕಾನ ಹೊಲ ಎನ್ನುತ್ತದೆ, ಫೋಟೋ ಹೆಸರು ಎನ್ನುತ್ತದೆ, ಯಾರೂ ಸಾಯುವುದಿಲ್ಲ. ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆಗೆ ಹತ್ತಕ್ಕೆ ಎಂಟು ಅಂಕ ಪಡೆದವನು ನಾನು.

ಕಾಕಾ ವಾದದಲ್ಲಿ ನಮ್ಮ ಸರ್‌ಗಿಂತ ಗಟ್ಟಿ. "ಮಳಿ ನನಗ ಮೋಸ ಮಾಡಿತು, ದಲ್ಲಾಳಿ ಮಾಡಿದ, ವಿಮಾದವ್ರು ಹೋದವರ್ಷ ಮಾಡ್ಯಾರ. ಸತ್ಯ ಹೇಳೂದು ಎಲ್ಲಾ ಬಿಟ್ಟು ನನ್ನ ಹೊಲದಿಂದನ ಚಾಲೂ ಆಗಬೇಕೇನ?" ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ. ಸೋಯಾಬೀನ್ ಅಂತ ಒತ್ತಿದೆ. ಧೈರ್ಯದಿಂದಲ್ಲ, ಬದುವಿನ ಆಚೆಯ ಹೆಸರಿನ ಯಜಮಾನ ಸಲಿಕೆ ಹಿಡಿದು ಅಲ್ಲೇ ನಿಂತು ನೋಡುತ್ತಿದ್ದ.

ಕಾಕಾ ಮಾತು ಬಿಟ್ಟಿದ್ದಾನೆ. ಮೊನ್ನೆ ಗುಡಿಯ ಕಟ್ಟೆಯ ಮೇಲೆ ಯಾರೋ ಮುಂದೆ ಸಮೀಕ್ಷೆಗೆ ಡ್ರೋನ್ ಬರುತ್ತದಂತೆ, ಕೃತಕ ಬುದ್ಧಿಮತ್ತೆಯೇ ಮೇಲಿಂದ ನೋಡಿ ಬೆಳೆ ಬರೆದುಕೊಳ್ಳುತ್ತದಂತೆ ಎಂದಾಗ ನನಗೆ ಕೇಳಿಸಲಿ ಎಂದೇ ದನಿ ಎತ್ತಿ ಹೇಳಿದ: "ಲಗೂನ ಬರಲಿ. ಅದು ಸುಳ್ಳರ ಬರೀಲಿ, ಖರೇನರ ಬರೀಲಿ, ನಮ್ಮ ಮನ್ಯಾಗ ಚಾ ಕುಡದಿರೂದಿಲ್ಲ."