ಬೇಲಿಯಾಚೆಯ ಪಾಟೀಸವಾಲು

ನಮ್ಮ ಭದ್ರಾವತಿಯವರಿಗೆ ವಾದ ಮಾಡೋದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ, ಎಂಪಿಎಂ ಕಾಗದದ ಕಾರ್ಖಾನೆ, ಎರಡರ ಗೇಟಿನ ಮುಂದೆಯೂ ಯೂನಿಯನ್ ಭಾಷಣ ಕೇಳಿ ಬೆಳೆದ ಊರಿದು. ಆದರೆ ಗಂಟಲು ದೊಡ್ಡದು ಮಾಡೋದು ಬೇರೆ, ಎದುರಿನವರನ್ನ ಒಪ್ಪಿಸೋದು ಬೇರೆ ಅಂತ ಪಕ್ಕದ ಮನೆ ರಾಯರು ಹೇಳ್ತಾನೇ ಇರ್ತಾರೆ. ವಿಐಎಸ್‌ಎಲ್‌ನಲ್ಲೇ ದುಡಿದು ರಿಟೈರಾದವರು. ಬೇಲಿ ಹತ್ತಿರ ದಾಸವಾಳ ಕೀಳೋಕೆ ಬಂದರೆ ಬುಟ್ಟಿ ತುಂಬೋದು ಮಾತಿನಿಂದಲೇ.

ನನ್ನ ಮಗಳು ಶಿವಮೊಗ್ಗದ ದಾರಿಯಲ್ಲಿ, ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ನೋಡ್ಕೊಳ್ತಾಳೆ. ಮೊನ್ನೆ ಕೇಳಿದಳು: "ಮಾವ, ಮಳೆಗಾಲದಲ್ಲಿ ಮರಳು ಒದ್ದೆಯಾಗಿ ಎರಕದಲ್ಲಿ ಬ್ಲೋಹೋಲ್ ಬರ್ತಿದೆ. ಹೊಸ ಸ್ಯಾಂಡ್ ಮಿಕ್ಸರ್ ಬೇಕು ಅಂತ ಮ್ಯಾನೇಜರ್‌ನ ಒಪ್ಪಿಸ್ಬೇಕು. ಹೇಗೆ ಹೇಳ್ಲಿ?"

"ಬೇಸಿಗೆ ಲೆಕ್ಕ ಎಲ್ಲಮ್ಮ?"

"ಬೇಸಿಗೇದು ಯಾಕೆ? ತೊಂದರೆ ಮಳೇದು."

"ಹಾಗಂತ ನೀನು ಹೇಳ್ತಿದ್ದೀಯ. ಮಾರ್ಚ್‌ನಲ್ಲೂ ಅಷ್ಟೇ ತೂತು ಬಿದ್ದಿದ್ರೆ?"

ರಿಜಿಸ್ಟರ್ ತೆಗೆದು ನೋಡಿದರೆ ಹೆಚ್ಚುಕಡಿಮೆ ಅಷ್ಟೇ ಬಿದ್ದಿತ್ತು! ಅದೂ ಒಳಗೆ ಟೊಳ್ಳು ಬರಲೆಂದು ಮರಳಿನ ಕೋರ್ ಇಡುವ ಎರಕಗಳಲ್ಲೇ ಜಾಸ್ತಿ. ಕೋರ್ ಗಟ್ಟಿಯಾಗಲು ಮರಳಿಗೆ ಹಾಕುವ ಅಂಟು, ಕರಗಿದ ಕಬ್ಬಿಣ ತಾಗಿದ ಕೂಡಲೇ ಗ್ಯಾಸ್ ಬಿಡುತ್ತದೆ. ಹೊರಗೆ ಹೋಗಲು ದಾರಿ ಸಾಲದಿದ್ದರೆ ಲೋಹದೊಳಗೇ ಗುಳ್ಳೆಯಾಗಿ ಕೂತುಬಿಡುತ್ತದೆ. ಮಿಕ್ಸರ್ ಬಂದಿದ್ದರೆ ದುಡ್ಡು ದಂಡ. (ಮಲೆನಾಡಿನ ಕಡೆಯವರು ನಾವು, ಬಸ್ಸು ತಡವಾದರೂ ಮಳೇನೇ ಬೈಯೋದು.)

ರಾಯರು ಅಷ್ಟಕ್ಕೇ ಬಿಡಲಿಲ್ಲ. "ಕೆಟ್ಟ ಎರಕ ವಾಪಸ್ ಫರ್ನೇಸಿಗೇ ಹೋಗುತ್ತಲ್ಲ, ನಷ್ಟ ಏನು ಅಂತಾರೆ ನಿಮ್ಮ ಮ್ಯಾನೇಜರ್. ಅವರು ಕೇಳೋಕೆ ಮೊದಲು ನೀನೇ ಹೇಳು. ಕಬ್ಬಿಣ ವಾಪಸ್ ಬರುತ್ತೆ, ಕರಗಿಸಿದ ಕರೆಂಟು ಬರಲ್ಲ, ಅಚ್ಚು ಕಟ್ಟಿದ ಕೂಲಿ ಬರಲ್ಲ. ಗುಳ್ಳೆ ಒಳಗಿದ್ರೆ ಗಿರಾಕಿ ಮೆಷಿನಿಂಗಿಗೆ ಹಾಕಿದಾಗ್ಲೇ ಕಾಣೋದು, ಆಗ ಮಾನಾನೂ ಬರಲ್ಲ."

ಇಷ್ಟು ಚೆನ್ನಾಗಿ ಹೇಳಿಕೊಟ್ಟ ಮನುಷ್ಯ, ಮಾತು ವಿಐಎಸ್‌ಎಲ್ ಕಡೆ ಹೊರಳಿದ್ದೇ ತಡ, ಭಾಷಣಕ್ಕೇ ನಿಂತರು. 2023ರ ಜನವರಿಯಲ್ಲಿ, ಅದನ್ನು ನಡೆಸುವ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೇಲ್, ಕಾರ್ಖಾನೆ ಮುಚ್ಚೋ ತೀರ್ಮಾನ ಹೇಳಿದಾಗಿನ ಸಿಟ್ಟು ಅವರಿಗಿನ್ನೂ ಆರಿಲ್ಲ. "ವಿಶ್ವೇಶ್ವರಯ್ಯ ಕಟ್ಟಿದ್ದನ್ನ ಮುಚ್ಚೋದಾ?"

"ಮಾವ, ಇದು ನಮಗೆ ಹೊಟ್ಟೆ ಉರಿಸೋ ಮಾತು. ದೆಹಲಿಯವರಿಗೆ ಲೆಕ್ಕಾನಾ?" ಅಂದಳು ನಮ್ಮವಳು.

ನನಗೂ ಅವಳ ಮಾತೇ ಸರಿ ಅನ್ನಿಸಿತು. ಕಲ್ಲಿದ್ದಲಿಲ್ಲದ ಮೈಸೂರು ಸೀಮೆಯಲ್ಲಿ ಕಾಡಿನ ಕಟ್ಟಿಗೆ ಸುಟ್ಟ ಇದ್ದಿಲಿನಿಂದ, ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ತೆಗೆಯೋ ಈ ಕಾರ್ಖಾನೆ 1923ರಲ್ಲಿ ಶುರುವಾದಾಗ, ಮೊದಲ ಮಹಾಯುದ್ಧ ಮುಗಿದು ಬೀಡುಕಬ್ಬಿಣದ ಬೆಲೆ ಬಿದ್ದಿತ್ತು. ಬಿಳಿಯಾನೆ ಅಂತ ಜನ ಆಡಿಕೊಂಡರು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಕರೆತಂದು ಅಧ್ಯಕ್ಷರನ್ನಾಗಿ ಮಾಡಿದರು, 1929ರವರೆಗೂ ಇದ್ದರು. ಅವರು ಖರ್ಚಿನ ಲೆಕ್ಕ ಹಿಡಿದು ಕೂತರು. ಅಂಥವರ ಹೆಸರನ್ನೇ ವಾದದ ಜಾಗದಲ್ಲಿ ಇಡೋದು ಅವರಿಗೇ ಹಿಡಿಸುತ್ತಿರಲಿಲ್ಲವೇನೋ.

ರಾಯರು ಸ್ವಲ್ಪ ಹೊತ್ತು ದಾಸವಾಳದ ಗಿಡ ನೋಡಿದರು. "ಸರಿ, ಹೀಗೆ ಕೇಳ್ತೀನಿ. ಸೇಲ್‌ನ ಬೇರೆ ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆ ಕಂಪನಿಯದೇ ಸ್ವಂತ ಗಣಿ ಇದೆ. ಕೆಮ್ಮಣ್ಣುಗುಂಡಿ ನಿಂತ ಮೇಲೆ ನಮಗೆಲ್ಲಿದೆ? ಗಣಿ ಇರೋರ ಜೊತೆ ಇಲ್ಲದೋರನ್ನ ತೂಗಿ, ನೀವು ನಷ್ಟದಲ್ಲಿದ್ದೀರಿ ಅಂದ್ರೆ ಹೇಗೆ? ಗಣಿ ಕೊಡ್ಲಿ. ಆಮೇಲೂ ನಷ್ಟವಾದ್ರೆ ನಾನೇ ಹೋಗಿ ಗೇಟಿಗೆ ಬೀಗ ಹಾಕ್ತೀನಿ."

"ಇದಕ್ಕೆ ಅವರು ಉತ್ತರ ಕೊಡ್ಲೇಬೇಕು. ಆದ್ರೆ ಮಾವ, ಗಣಿ ಬಂದ್ರೆ ಟನ್ನಿಗೆ ಎಷ್ಟು ಉಳಿಯುತ್ತೆ?"

ಹೂವಿನ ಬುಟ್ಟಿ ಬೇಲಿ ಮೇಲೇ ಬಿಟ್ಟು, ರಾಯರು ಪೆನ್ನು ಹುಡುಕೋಕೆ ಒಳಗೆ ಹೋದರು.